ಜೀಪು ಮೂರು ಬೆರಳು ಎತ್ತರವಾದ ವಾರ

ಹೊಸ ಟೈರಿನ ವಾಸನೆ ನಿಮಗೆ ಹೇಗೋ ಗೊತ್ತಿಲ್ಲ, ನನಗಂತೂ ಅದು ಮೂಗಿಗೆ ಬಡಿದೊಡನೆ ಯಾರ ಜೊತೆಗಾದರೂ ವಾದ ಮಾಡಬೇಕೆನ್ನಿಸುತ್ತದೆ. ಇವತ್ತು ಬೆಳಿಗ್ಗೆ ಯಾದಗಿರಿಯಲ್ಲಿ ಸ್ಕೂಟಿಗೆ ಪಂಕ್ಚರ್ ಹಾಕಿಸಲು ನಿಂತಿದ್ದೆ. ಅಂಗಡಿಯವನು ಹಿಂದಿನ ಕೋಣೆಯ ಬಾಗಿಲು ತೆರೆದ. ಬಿಸಿಲಿಗೆ ಕಾದ ಹೊಸ ರಬ್ಬರಿನ ಗಾಳಿ ಒಮ್ಮೆಲೇ ಹೊರಗೆ ನುಗ್ಗಿತು. ಎದುರಾಳಿ ಇಲ್ಲ, ವಿಷಯ ಇಲ್ಲ, ಆದರೂ ನಾನು ಗಂಟಲು ಸರಿಮಾಡಿಕೊಂಡೆ. ಇದಕ್ಕೆಲ್ಲ ನಮ್ಮ ಶರಣಪ್ಪ ಕಾಕಾ ಕಾರಣ.

ಕಾಕಾ ಸುರಪುರ ತಾಲೂಕಿನಲ್ಲಿ ದನದ ಡಾಕ್ಟರ್ ಆಗಿದ್ದ, ಮನೆ ಮಾತ್ರ ಶಹಾಪುರದಲ್ಲಿ. ಸೈದಾಪುರದವಳಾದ ನಾನು ಡಿಗ್ರಿಯ ಮೂರು ವರ್ಷ ಅವನ ಮನೆಯಲ್ಲೇ ಉಂಡು, ಅವನ ಮಾತಿಗೆಲ್ಲ ಎದುರಾಡಿಕೊಂಡು ಓದಿದೆ. ಅವನ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಜೀಪು ಇತ್ತು. ಗೇರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಲಿವರ್. ಅದನ್ನು ಎಳೆದರೆ ಎಂಜಿನ್ನಿನ ಬಲ ನಾಲ್ಕೂ ಗಾಲಿಗೆ ಹೋಗುತ್ತದೆ, ಅಂದರೆ ಫೋರ್ ವೀಲ್. ಆದರೆ ಶಹಾಪುರದಿಂದ ಸುರಪುರಕ್ಕೆ ಇರುವುದು ಡಾಂಬರು ರಸ್ತೆ. ಆ ದಾರಿಯಲ್ಲಿ ಎದುರಾಗುವ ಅತಿ ದೊಡ್ಡ ಅಡ್ಡಿಯೆಂದರೆ ಕುರಿಹಿಂಡು, ಕುರಿಹಿಂಡಿನ ಮುಂದೆ ಗಾಲಿ ನಾಲ್ಕಿದ್ದರೂ ಒಂದೇ, ನಲವತ್ತಿದ್ದರೂ ಒಂದೇ. ಆ ಗಿಡ್ಡ ಲಿವರನ್ನು ಕಾಕಾ ಎಳೆದದ್ದನ್ನು ಅಲ್ಲಿಯವರೆಗೆ ನಾನು ಎರಡೇ ಸಲ ನೋಡಿದ್ದೆ: ಒಮ್ಮೆ ಬೀಗರ ಮುಂದೆ, ಒಮ್ಮೆ ಅದು ತುಕ್ಕು ಹಿಡಿದು ಕೂತೀತೆಂದು.

ಇಂಥ ಜೀಪಿಗೆ ಕಾಕಾ ಮಾಡಿದ ಯೋಜನೆಗಳನ್ನು ನೀವು ನೋಡಬೇಕಿತ್ತು. ಸಂಜೆ ಚಹಾ ಆದ ಮೇಲೆ ಕಾಲುಬಾಯಿ ರೋಗದ ಲಸಿಕೆಯ ಹಳೆಯ ರಿಜಿಸ್ಟರ್ ತೆಗೆದು ಅದರ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದ. ಗಾಡಿಯ ಮೈಯನ್ನು ಗಾಲಿಯಿಂದ ಮೇಲೆತ್ತುವ ಲಿಫ್ಟ್ ಕಿಟ್. ಹಲ್ಲು ದಪ್ಪಗಿರುವ ಮಡ್ ಟೈರ್. ಸಿಕ್ಕಿಬಿದ್ದರೆ ತನ್ನನ್ನು ತಾನೇ ಎಳೆದುಕೊಳ್ಳಲು ಮುಂದಿನ ಬಂಪರಿಗೆ ವಿಂಚ್. ನೀರಿನಲ್ಲಿ ಇಳಿದರೂ ಎಂಜಿನ್ನಿಗೆ ಗಾಳಿ ಸಿಗಲೆಂದು ಚಾವಣಿಯವರೆಗೆ ಹೋಗುವ ಸ್ನಾರ್ಕೆಲ್ ಕೊಳವೆ. ಪಟ್ಟಿಯ ಖರ್ಚು ಜೀಪಿನ ಬೆಲೆಯನ್ನು ಯಾವಾಗಲೋ ದಾಟಿ ಹೋಗಿತ್ತು. ಆ ದಾಟುವಿಕೆಯನ್ನೂ ಕಾಕಾ ಒಂದು ಸಾಧನೆಯೆಂಬಂತೆ ಅಡಿಗೆರೆ ಹಾಕಿ ತೋರಿಸುತ್ತಿದ್ದ.

ಇದೆಲ್ಲ ಬರೀ ಕಾಗದದ ಸುಖವಾಗಿದ್ದರೆ ನನ್ನ ತಕರಾರಿರಲಿಲ್ಲ. ಆದರೆ ಆ ಜೀಪಿನಲ್ಲಿ ದಿನಾ ಚಿಗವ್ವ ಹೋಗುತ್ತಿದ್ದಳು. ಚಿಗವ್ವ ಅಂದರೆ ಕಾಕಾನ ಹೆಂಡತಿ, ದೇವಾಪುರದ ಆಚೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಟೀಚರ್. ಶಾಲೆಯ ಹೊತ್ತಿಗೆ ಆ ಹಳ್ಳಿಗೆ ಬಸ್ಸಿಲ್ಲ. ಕಾಕಾ ಅವಳನ್ನು ಬಿಟ್ಟು ಆಮೇಲೆ ದವಾಖಾನೆಗೆ ಹೋಗುತ್ತಿದ್ದ. ಅವಳ ಮೊಣಕಾಲು ಎರಡೂ ಸವೆದಿದ್ದವು. ಈ ಸಂಗತಿ ಗೊತ್ತಿದ್ದದ್ದು ಅವಳಿಗೆ ಮತ್ತು ನನಗೆ. ಬೆಳಿಗ್ಗೆ ಮನೆಯ ಮುಂದಿನ ಕಟ್ಟೆಯ ಮೇಲೆ ನಿಂತು, “ಇಲ್ಲೇ ಕಟ್ಟಿ ಬಾಜೂಕ ಹಚ್ಚಿ ನಿಲ್ಲಸ್ರಿ, ಸೀರಿಗಿ ದುಳ ಹತ್ತತದ” ಎನ್ನುವಳು. ಮಳೆಗಾಲದಲ್ಲಿ ಧೂಳಿನ ಜಾಗಕ್ಕೆ ರಾಡಿ ಬರುತ್ತಿತ್ತು. ಕಟ್ಟೆಯಿಂದ ಜೀಪಿಗೆ ಒಂದೇ ಹೆಜ್ಜೆ. ಶಾಲೆಯಲ್ಲಿ ಧ್ವಜದ ಕಟ್ಟೆಗೆ ತಾಗಿಸಿಯೇ ಜೀಪು ನಿಲ್ಲಬೇಕು, ಅವಳು ಅದರ ಮೇಲೆಯೇ ಇಳಿಯಬೇಕು. ಕಾಕಾ ಅದನ್ನು ದೇಶಭಕ್ತಿ ಎಂದು ತಿಳಿದಿದ್ದ.

ಜೀಪು ಎತ್ತರವಾಯಿತೆಂದರೆ ಆ ಒಂದು ಹೆಜ್ಜೆ ಹೋಯಿತು, ಹೆಜ್ಜೆ ಹೋದರೆ ಶಾಲೆ ಹೋಯಿತು. ಒಂದನೇ ಕ್ಲಾಸಿನ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ನಿವೃತ್ತಿಗೆ ಇನ್ನೂ ಆರು ವರ್ಷವಿತ್ತು.

“ಮೊಣಕಾಲ ನೋವು ಅಂತ ಕಾಕಾಗ ಹೇಳಿಬಿಡಬಾರ್ದೇನು,” ಎಂದೆ ನಾನು.

“ಕುಂಟೋ ದನ ತಂದ್ರ ಅವರು ಏನ್ ಹೇಳ್ತಾರ ಗೊತ್ತದ? ಹೊಲಕ್ಕ ಹೊಡಿಬ್ಯಾಡ್ರಿ, ಮನ್ಯಾಗ ಕಟ್ಟ್ರಿ ಅಂತಾರ. ನನಗೂ ಅದೇ ಹೇಳ್ತಾರ,” ಎಂದಳು ಚಿಗವ್ವ. “ನೀ ಡಿಬೇಟಿನಾಗ ಕಪ್ ತಂದಾಕಿ. ಹ್ಯಾಂಗರ ಮಾಡಿ ಅವರ ತಲ್ಯಾಗಿಂದ ಇದನ್ನ ತಗಿ. ಆದ್ರ ನನ್ನ ಮೊಣಕಾಲಿನ ಮಾತು ಎತ್ತಿದಿ ಅಂದ್ರ ನಾಳಿಂದ ನಿನ್ನ ರೊಟ್ಟಿ ನೀನ ಬಡಕೋ.”

ನಾನು ಎಂಥವಳೆಂದು ಇಲ್ಲಿ ಹೇಳಿಬಿಡಬೇಕು. ಕಾಲೇಜಿನಲ್ಲಿ ನಾನು ಯಾವಾಗಲೂ ವಿಷಯದ ವಿರುದ್ಧವೇ ನಿಲ್ಲುತ್ತಿದ್ದೆ. ಒಮ್ಮೆ ಒಂದೇ ವಿಷಯಕ್ಕೆ ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ ಮಾತಾಡಿ ಎರಡರಲ್ಲೂ ಗೆದ್ದು, ಸಂಜೆ ನನ್ನ ನಿಜವಾದ ಅಭಿಪ್ರಾಯ ಯಾವುದೆಂದು ನೆನಪಾಗದೆ ಕೂತಿದ್ದೆ. ಹೀಗಿರುವಾಗ, ಅತಿ ಬಲವಾದ ಅಂಶವನ್ನು ಬಳಸದೆ ಗೆಲ್ಲು ಎಂದು ಯಾರಾದರೂ ಹೇಳಿದರೆ ನನಗೆ ಆಗುವುದು ದುಃಖವಲ್ಲ, ಉತ್ಸಾಹ. ಅಂದು ನನಗಾದದ್ದೂ ಅದೇ. ಈಗ ಹೇಳಲು ನಾಚಿಕೆಯಾಗುತ್ತದೆ.

ಮರುದಿನ ಸಂಜೆಯೇ ಶುರು ಮಾಡಿದೆ. “ಕಾಕಾ, ಸ್ನಾರ್ಕೆಲ್ ಯಾಕ ಬೇಕು?”

“ಹಳ್ಳ ಬಂದಾಗ ಎಂಜಿನ್ ಉಸಿರಾಡಬೇಕಲ್ಲ.”

“ಎಂಜಿನ್ ಉಸಿರಾಡತದ. ಒಳಗ ಕುಂತಾಂವ ನೀ ಏನ್ ಮಾಡ್ತಿ?”

“ತಡಕೋತೀನಿ,” ಎಂದ ಕಾಕಾ.

“ಆತು. ವಿಂಚಿನ ಹಗ್ಗ ಯಾದಕ್ಕ ಕಟ್ತಿ?”

“ಎದುರಿಗಿ ಇದ್ದ ಮರಕ್ಕ.”

“ಎರಿ ಹೊಲದಾಗ ಎಲ್ಲದ ಮರ? ಹತ್ತಿ ಗಿಡಕ್ಕ ಕಟ್ತಿಯೇನು?”

ಒಳಗೆ ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಕಾಕಾ ರಿಜಿಸ್ಟರಿನಲ್ಲಿ ವಿಂಚಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ. “ನೋಡವ್ವಾ ವಕೀಲಮ್ಮ, ನೀ ಹೇಳೂದೆಲ್ಲ ಖರೆ. ಆದ್ರ ಒಂದಿನ ಬೇಕಾಗತದ.”

ಈ ‘ಒಂದಿನ’ ಇದೆಯಲ್ಲ, ಇದನ್ನು ಸೋಲಿಸಿದವರನ್ನು ನಾನು ಇನ್ನೂ ನೋಡಿಲ್ಲ. ಅದು ನಿನ್ನೆ ಬಂದಿಲ್ಲವೆಂದು ತೋರಿಸಬಹುದು. ನಾಳೆ ಬರುವುದಿಲ್ಲವೆಂದು ಹೇಗೆ ತೋರಿಸುತ್ತೀರಿ? ಎಂಟು ದಿನ ಹೋರಾಡಿದೆ. ಪ್ರತಿ ದಿನವೂ ನಾನೇ ಗೆದ್ದೆ, ಪ್ರತಿ ದಿನವೂ ಪಟ್ಟಿ ಬೆಳೆಯಿತು.

ಒಂಬತ್ತನೆಯ ದಿನ ರಂಗಂಪೇಟೆಯ ಗ್ಯಾರೇಜಿನ ಮಹಬೂಬ್ ಭಾಯ್ ನಡುವೆ ಬಂದ. ಯಾರೋ ಗಿರಾಕಿ ಬಿಟ್ಟುಹೋದ ನಾಲ್ಕು ಮಡ್ ಟೈರು ಅವನ ಹತ್ತಿರ ಬಿದ್ದಿದ್ದವು. “ವಾರ ಹಾಕ್ಕೊಂಡು ತಿರುಗಾಡ್ರಿ ಡಾಕ್ಟರ್ ಸಾಬ್. ದಿಲ್‌ಗಿ ಬಂದ್ರ ಬಾಕಿ ಸಾಮಾನ ಆಮ್ಯಾಲ ಹಾಕೂಣು,” ಎಂದನಂತೆ. ಆ ಟೈರುಗಳಿಂದಲೇ ಜೀಪು ಮೂರು ಬೆರಳು ಎತ್ತರವಾಗಿ ಮನೆಗೆ ಬಂತು. ಮರುದಿನ ಬೆಳಿಗ್ಗೆ ಚಿಗವ್ವ ಕಟ್ಟೆಯ ಮೇಲೆ ನಿಂತು, ಬಾಗಿಲಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು, ತುಟಿ ಕಚ್ಚಿ ಮೈ ಎಳೆದುಕೊಂಡು ಹತ್ತಿದಳು. ಕಾಕಾ ಆಗ ಕನ್ನಡಿಯಲ್ಲಿ ಹಿಂದಿನ ಟೈರು ನೋಡುತ್ತಿದ್ದ.

“ಲಿಫ್ಟ್ ಕಿಟ್ ಹಾಕಿದ್ರ ಇನ್ನಾ ನಾಕು ಬೆರಳು ಏರತದ,” ಎಂದ ಖುಷಿಯಿಂದ. ಚಿಗವ್ವ ನನ್ನತ್ತ ನೋಡಿದಳು. ನಾನು ನೆಲ ನೋಡಿದೆ.

ಆ ವಾರದ ಶನಿವಾರ ಅರ್ಧ ದಿನದ ಶಾಲೆ. ನನಗೆ ಕಾಲೇಜು ಇರಲಿಲ್ಲವೆಂದು ನಾನೂ ಜೊತೆಗೆ ಹೋಗಿದ್ದೆ. ಚಿಗವ್ವನನ್ನು ಶಾಲೆಯಿಂದ ಕರೆದುಕೊಂಡು ಬರುವಾಗ ದಾರಿಯಲ್ಲಿ ಹಣಮಂತ ಎಂಬ ರೈತನ ಆಕಳಿನ ಬಾವು ನೋಡುವುದಿತ್ತು. ಅವನ ಕೊಟ್ಟಿಗೆ ರಸ್ತೆಯಿಂದ ಅರ್ಧ ಮೈಲಿ ಒಳಗೆ, ನಡುವೆ ಬರೀ ಎರಿ ಮಣ್ಣಿನ ಬಂಡಿದಾರಿ. ನಮ್ಮ ಕಡೆಯ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಗೊತ್ತಿಲ್ಲದವರಿಗೆ ಒಂದು ಮಾತು: ಒಣಗಿದಾಗ ಕಲ್ಲು, ನೆನೆದಾಗ ಅಂಟು. ಮಳೆಯಾದರೆ ಎರಡು ದಿನ ಅದರೊಳಗೆ ಯಾರೂ ಎತ್ತು ಇಳಿಸುವುದಿಲ್ಲ, ಬಂಡಿ ಇಳಿಸುವುದಿಲ್ಲ. ಮನುಷ್ಯರೂ ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಡೆಯುತ್ತಾರೆ. ಕಾಕಾನೂ ಇಪ್ಪತ್ತು ವರ್ಷ ಹಾಗೆಯೇ ನಡೆದವನು. ಹಿಂದಿನ ದಿನ ಒಳ್ಳೆಯ ಮಳೆಯಾಗಿತ್ತು. ಆದರೆ ಅಂದು ಅವನ ಕಾಲಡಿಯಲ್ಲಿ ಮಹಬೂಬ್ ಭಾಯ್‌ನ ಟೈರುಗಳಿದ್ದವು. ಬಂಡಿದಾರಿಗೆ ಜೀಪು ತಿರುಗಿಸಿಯೇ ಬಿಟ್ಟ.

ದೂರದಲ್ಲಿ ಹಣಮಂತ ಬದುವಿನ ಮೇಲೆ ನಿಂತು ಎರಡೂ ಕೈ ಆಡಿಸುತ್ತಿದ್ದ. ಕಾಕಾ ಅದನ್ನು ಸ್ವಾಗತವೆಂದುಕೊಂಡು ಹಾರ್ನ್ ಹೊಡೆದ.

ಇಪ್ಪತ್ತು ಮಾರು ಹೋಗಿರಬಹುದು. ಟೈರಿನ ಹಲ್ಲುಗಳ ಸಂದಿಯಲ್ಲೆಲ್ಲ ಮಣ್ಣು ತುಂಬಿ ಅವು ಗಡಿಗೆಯ ಹಾಗೆ ನುಣ್ಣಗಾದವು. ಆಮೇಲೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಹೊಕ್ಕಿತು. ಕಾಕಾ ಗಿಡ್ಡ ಲಿವರ್ ಎಳೆದ. ಅದುವರೆಗೆ ಎರಡು ಗಾಲಿ ಸಿಕ್ಕಿಬಿದ್ದಿದ್ದವು. ಈಗ ನಾಲ್ಕೂ ಸಿಕ್ಕಿಬಿದ್ದವು.

ಹಣಮಂತ ಬರಿಗಾಲಲ್ಲಿ ಬಂದು ನಿಂತ. “ಬರಬ್ಯಾಡ್ರಿ ಅಂತ ಕೈ ಮಾಡಾಕತ್ತಿದ್ನಿ ಸಾಹೇಬ್ರ. ನೀವು ಹಾರ್ನ್ ಹೊಡದ್ರಿ.”

“ಟ್ರ್ಯಾಕ್ಟರ್ ಸಿಗತದೇನು?” ಎಂದ ಕಾಕಾ.

“ಸಿಗತದ್ರಿ. ಅದೂ ಬಂದು ನಿಮ್ಮ ಬಾಜೂಕ ನಿಂದರತದ. ಎರಡ್ ದಿನ ಬಿಡ್ರಿ, ಮಣ್ಣು ತಾನ ಬಿಡತದ.”

ಕಾಕಾ ಇಳಿದ, ನಾನೂ ಇಳಿದೆ, ಪಾದ ಮುಳುಗಿತು. ಚಿಗವ್ವ ಕೂತಲ್ಲೇ ಕೂತಿದ್ದಳು.

“ಇಳಿ,” ಎಂದ ಕಾಕಾ.

“ನಾ ಇಲ್ಲೇ ಇರ್ತೀನ್ರಿ. ಎರಡ್ ದಿನ ಅಲ್ಲ? ಸೋಮವಾರ ಸಾಲಿಗಿ ಇಲ್ಲಿಂದ ಹತ್ರ ಆಗತದ.”

ಕಾಕಾ ನಕ್ಕ. ಹಣಮಂತನೂ ನಕ್ಕ. ಚಿಗವ್ವ ನಗದಿರುವುದನ್ನು ನೋಡಿ ಇಬ್ಬರೂ ನಿಲ್ಲಿಸಿದರು. ಕಾಕಾ ನನ್ನ ಕಡೆ ತಿರುಗಿ, “ಏನಾಗ್ಯಾದ ಈಕಿಗಿ?” ಎಂದ. ಎಂಟು ದಿನ ಬಾಯಿ ಮುಚ್ಚದೆ ಮಾತಾಡಿದವಳು ನಾನು. ಅವನು ತಾನಾಗಿ ಕೇಳಿದ ಒಂದೇ ಒಂದು ಪ್ರಶ್ನೆಗೆ ಉತ್ತರ ಗೊತ್ತಿದ್ದೂ, ಹಿಮ್ಮಡಿಯ ಮಣ್ಣು ಕೆರೆಯುತ್ತ ನಿಂತೆ.

“ಇಲ್ಲಿ ಕಟ್ಟಿ ಇಲ್ರಿ,” ಎಂದಳು ಚಿಗವ್ವ ಕಡೆಗೆ.

“ಯಾವ ಕಟ್ಟಿ?”

“ಮನಿ ಮುಂದ ಒಂದ್ ಕಟ್ಟಿ, ಸಾಲ್ಯಾಗ ಧ್ವಜದ ಕಟ್ಟಿ. ನಾಕ್ ವರ್ಷ ಆತು, ಕಟ್ಟಿ ಇಲ್ದ ನಾ ಈ ಗಾಡಿ ಹತ್ತಿಲ್ಲ, ಇಳದಿಲ್ಲ. ಮೊಣಕಾಲ ಬಗ್ಗಂಗಿಲ್ಲ ನನಗ.”

ಬೀದಿಯಲ್ಲಿ ಹೋಗುವ ಆಕಳಿನ ನಡಿಗೆ ನೋಡಿ ಯಾವ ಗೊರಸಿನಲ್ಲಿ ತೊಂದರೆಯಿದೆಯೆಂದು ದೂರದಿಂದಲೇ ಹೇಳುವ ಕಾಕಾ, ಕಪ್ಪು ಮಣ್ಣಿನಲ್ಲಿ ನಿಂತು ಹೆಂಡತಿಯ ಮೊಣಕಾಲು ನೋಡುತ್ತಿದ್ದ.

“ನನಗ ಹೇಳಬಾರ್ದಿತ್ತೇನು?”

“ಹೇಳಿದ್ರ ಮನ್ಯಾಗ ಕಟ್ಟ್ರಿ ಅಂತಿದ್ರಿ.”

ಹಣಮಂತ ಮೋಡ ನೋಡುವವನಂತೆ ಮುಖ ತಿರುಗಿಸಿದ. ಕಾಕಾ ಜೀಪಿನ ಹಿಂದೆ ಹೋಗಿ ತನ್ನ ಔಷಧಿಯ ಸ್ಟೀಲಿನ ಪೆಟ್ಟಿಗೆ ಹೊತ್ತು ತಂದ. ನಾವು ಬೆರಳು ತಾಗಿಸಿದರೂ ಬೈಯುತ್ತಿದ್ದ ಪೆಟ್ಟಿಗೆ ಅದು. ಅದನ್ನು ಚಿಗವ್ವನ ಬಾಗಿಲ ಕೆಳಗೆ ಮಣ್ಣಿನಲ್ಲಿ ಒತ್ತಿ ಕೂಡಿಸಿ, ಮುಚ್ಚಳದ ಮೇಲೆ ಅಂಗೈ ಇಟ್ಟು ಅಲ್ಲಾಡಿಸಿ ನೋಡಿ, “ಇಡು ಕಾಲು,” ಎಂದ. ಅವಳು ಇಟ್ಟಳು. ಕಾಕಾ ಆಕಳನ್ನು ನೋಡಿ ಬಂದು, ನಾವೆಲ್ಲ ರಸ್ತೆಯವರೆಗೆ ಬದುವಿನ ಮೇಲೆ ನಡೆದು ಬರಲು ಒಂದು ತಾಸು ಹಿಡಿಯಿತು. ತನ್ನದೂ ಚಿಗವ್ವನದೂ ಚಪ್ಪಲಿ ಕಾಕಾನ ಕೈಯಲ್ಲಿದ್ದವು. ನೌಕರಿ ಬಿಡು ಎಂಬ ಮಾತು ಈಗ ಬಂತು, ಇನ್ನೇನು ಬಂತು ಎಂದು ನಾನು ಹಿಂದಿನಿಂದ ಕಾಯುತ್ತ ನಡೆದೆ. ಡಾಂಬರು ರಸ್ತೆಗೆ ಬಂದು ನಿಂತ ಮೇಲೆ ಕಾಕಾ ಕೇಳಿದ: “ಸೋಮವಾರ ಸಾಲಿಗಿ ಹ್ಯಾಂಗ ಹೋಗ್ತಿ? ಜೀಪ್ ಹೊಲದಾಗ ಅದ.”

ರಾತ್ರಿ ಚಿಗವ್ವ ನನ್ನ ತಟ್ಟೆಗೆ ರೊಟ್ಟಿ ಹಾಕುತ್ತ, “ಹ್ಯಾಂಗ ಹೋಗ್ತಿ ಅಂದ್ರು. ಯಾಕ ಹೋಗ್ತಿ ಅನ್ನಲಿಲ್ಲ, ನೋಡಿದೇನು?” ಎಂದಳು. ನೋಡಿದ್ದೆ. ನನ್ನ ಎಂಟು ದಿನದ ಯಾವ ಮಾತಿಗೂ ಸಿಗದ ಉತ್ತರ ಅದು. ನಾನು ಮೊದಲ ದಿನವೇ ರೊಟ್ಟಿಯ ಆಸೆ ಬಿಟ್ಟು ಬಾಯಿ ತೆರೆದಿದ್ದರೆ ಅವಳು ಒಂದು ವಾರ ತುಟಿ ಕಚ್ಚಿ ಹತ್ತುವುದು ತಪ್ಪುತ್ತಿತ್ತೇ? ಕೊಟ್ಟ ಮಾತಿಗಾಗಿ ಸುಮ್ಮನಿದ್ದೆನೋ, ಆಟದ ನಿಯಮ ಮುರಿಯಬಾರದೆಂದು ಸುಮ್ಮನಿದ್ದೆನೋ? ಇದಕ್ಕೆ ನಾನು ಪರವಾಗಿಯೂ ಮಾತಾಡಬಲ್ಲೆ, ವಿರೋಧವಾಗಿಯೂ ಮಾತಾಡಬಲ್ಲೆ. ಕಷ್ಟ ಇರುವುದೇ ಅಲ್ಲಿ.

ಸೋಮವಾರ ಚಿಗವ್ವ ಆಟೋದಲ್ಲಿ ಶಾಲೆಗೆ ಹೋದಳು. ಮಧ್ಯಾಹ್ನ ಜೀಪು, ಗಿಡ್ಡ ಲಿವರ್ ಮುಟ್ಟದೆಯೇ, ತಾನಾಗಿ ಹೊಲದಿಂದ ಹೊರಬಂತು. ಟೈರುಗಳು ರಂಗಂಪೇಟೆಗೆ ಮರಳಿದವು. ಗ್ಯಾರೇಜಿನ ಪಕ್ಕದಲ್ಲಿ ಟ್ರ್ಯಾಕ್ಟರ್ ಟ್ರಾಲಿ ಮಾಡುವವನಿಂದ ಕಾಕಾ ಜೀಪಿನ ಬಾಗಿಲ ಕೆಳಗೆ ಅಗಲವಾದ, ತಗ್ಗಾದ ಒಂದು ಕಬ್ಬಿಣದ ಮೆಟ್ಟಿಲು ಬೆಸುಗೆ ಹಾಕಿಸಿದ. ಹಿಡಿದುಕೊಳ್ಳಲು ಇನ್ನೊಂದು ಕಂಬಿ. ಆದರೆ ಮೆಟ್ಟಿಲೆಂದು ಅವನು ಒಮ್ಮೆಯೂ ಒಪ್ಪಲಿಲ್ಲ. ಕೇಳಿದವರಿಗೆಲ್ಲ, “ರಾಕ್ ಸ್ಲೈಡರ್ ಅದ. ಬಂಡಿಗಲ್ಲು ಬಡದ್ರ ಗಾಡಿ ಮೈಗಿ ಪೆಟ್ಟಾಗಬಾರ್ದಲ್ಲ,” ಎನ್ನುತ್ತಿದ್ದ.

“ಹೌದ್ರಿ, ನಮ್ಮ ಶಹಾಪುರದಾಗ ಗುಡ್ಡದ ಕಲ್ಲೆಲ್ಲ ದಿನಾ ರಸ್ತಾಕ್ಕ ಇಳದು ಬರ್ತಾವ,” ಎನ್ನುತ್ತ ಚಿಗವ್ವ ಅದರ ಮೇಲೆ ಕಾಲಿಟ್ಟು ಹತ್ತುವಳು. ನಿವೃತ್ತಿಯ ದಿನದವರೆಗೂ ಹತ್ತಿದಳು.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಅಂಗಡಿಗೆ ಒಬ್ಬ ಯುವಕ ಬಂದಿದ್ದ. ಹೊರಗೆ ಅವನ ಹೊಸ ಫೋರ್ ವೀಲ್ ಗಾಡಿ ಹೊಳೆಯುತ್ತಿತ್ತು. ಅಂಗಡಿಯವನು ದಪ್ಪ ಹಲ್ಲಿನ ಟೈರೊಂದನ್ನು ಉರುಳಿಸಿ ತಂದು ನಿಲ್ಲಿಸಿದ್ದ. ಯುವಕ ಅದರ ಮೇಲೆ ಕೈಯಾಡಿಸುತ್ತ ನನ್ನನ್ನು ಕೇಳಿದ: “ಅಕ್ಕಾರ, ಗಾಡಿಗಿ ಇದು ಚೊಲೊ ಕಾಣತದಲ್ರಿ?”

ಹಿಂದಾಗಿದ್ದರೆ ಎರಿ ಮಣ್ಣಿನಿಂದ ಶುರು ಮಾಡಿ ಅವನ ಬಾಯಿ ಮುಚ್ಚಿಸಿ ಮನೆಗೆ ಹೋಗುತ್ತಿದ್ದೆ. ಇವತ್ತು ಒಂದೇ ಪ್ರಶ್ನೆ ಕೇಳಿದೆ. “ಗಾಡ್ಯಾಗ ಯಾರ್ ಯಾರು ಹತ್ತತೀರಿ?”

“ನಾ ಒಬ್ನ ರೀ.”

“ಹಂಗಿದ್ರ ಹಾಕಸ್ರಿ,” ಎಂದೆ. ನನ್ನ ಮಾತಿಗೆ ನಾನೇ ಬೆರಗಾದೆ. ಇಷ್ಟು ಬೇಗ ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಅವನು ಟೈರನ್ನು ಒಂದು ಸುತ್ತು ತಿರುಗಿಸಿದ. ಇನ್ನೊಂದು ಸುತ್ತು ತಿರುಗಿಸಿದ. “ಮುಂದಿನ ತಿಂಗಳ ಲಗ್ನ ಅದ್ರಿ ನಂದು,” ಎಂದ.

“ಹುಡುಗಿ ಎಷ್ಟು ಎತ್ತರ ಅದಾಳ್ರಿ?”

ಅವನು ಯೋಚಿಸಿದ. ಫೋನ್ ತೆಗೆದು, ಒಂದು ನಿಮಿಷ ಎಂಬಂತೆ ಬೆರಳು ತೋರಿಸಿ, ರಸ್ತೆಯ ಆಚೆಯ ನೆರಳಿಗೆ ಹೋದ. ಅಂಗಡಿಯವನು ಅವನನ್ನು ನೋಡಿದ, ಟೈರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

“ಅಕ್ಕಾರ,” ಎಂದ, “ನಿಮ್ಮ ಸ್ಕೂಟಿ ಆಗ್ಯಾದ. ನೀವು ಹೊಂಡ್ರಿ.”