ಬದುಕಿರುವುದಕ್ಕೆ ಪ್ರಮಾಣ

ವಿಶಾಖಪಟ್ಟಣದಲ್ಲಿ, ನಮ್ಮ ಬ್ಯಾಂಕಿನ ಗಾಜುವಾಕ ಶಾಖೆಯಲ್ಲಿದ್ದ ಮೂರು ವರ್ಷ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವರು ಒಬ್ಬರೇ. ಮಂಡ್ಯದ ಕಡೆಯವರು, ವಯಸ್ಸು ಎಪ್ಪತ್ತು ದಾಟಿತ್ತು. ನೌಕಾಪಡೆಯಲ್ಲಿ ಹದಿನೈದು ವರ್ಷ ಹಡಗಿನಲ್ಲಿ ದುಡಿದು, ಆ ಊರಿನ ಹೆಣ್ಣನ್ನು ಮದುವೆಯಾಗಿ ಅಲ್ಲೇ ಉಳಿದುಬಿಟ್ಟವರು. ಹೆಂಡತಿ ತೀರಿಕೊಂಡಿದ್ದರು. ಮಗಳ ಮನೆಯಲ್ಲಿ ಎಲ್ಲರದೂ ತೆಲುಗು. ಅವರ ಪಿಂಚಣಿ ನಮ್ಮ ಬ್ಯಾಂಕಿಗೇ ಬರುತ್ತಿತ್ತು. ನನ್ನ ಹರಕು ತೆಲುಗು ಕೇಳಿದ ಮೊದಲ ದಿನವೇ, ಕೌಂಟರಿನ ಆಚೆಯಿಂದ ಬಗ್ಗಿ, ಯಾವೂರು ಸಾರ್ ಎಂದು ಕನ್ನಡದಲ್ಲಿ ಕೇಳಿದರು. ದಾವಣಗೆರೆ ಎಂದೆ. ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ನನ್ನ ಬಾಡಿಗೆ ಮನೆಗೆ ಕಾಫಿಗೆ ಬರುವುದು ರೂಢಿಯಾಯಿತು.

ನಾನು ಮದುವೆಯಾಗದವನು. ವರ್ಗಾವಣೆಯಾದಲ್ಲಿಗೆ ಎರಡು ಪೆಟ್ಟಿಗೆ, ಒಂದಷ್ಟು ವಿಜ್ಞಾನದ ಪುಸ್ತಕ ಹೊತ್ತುಕೊಂಡು ಹೋಗುವವನು. ವಾರದ ಆರು ದಿನ ಸಹಿ ಹೋಲಿಸಿ, ದಾಖಲೆ ಕೇಳಿ, ಏಳನೆಯ ದಿನವೂ ಆ ಚಟ ಬಿಡುತ್ತಿರಲಿಲ್ಲ. ಅವರು ಹುಣ್ಣಿಮೆಗೊಮ್ಮೆ ಸಿಂಹಾಚಲಂ ಬೆಟ್ಟ ಹತ್ತುತ್ತಿದ್ದರು. ಅಲ್ಲಿರುವುದು ವರಾಹ ನರಸಿಂಹ. ಜಗತ್ತು ನೀರೊಳಗೆ ಮುಳುಗಿತ್ತು, ಆ ವರಾಹನೇ ಕೋರೆಯಲ್ಲಿ ಎತ್ತಿ ತಂದ, ನೆಲ ಶುರುವಾದದ್ದೇ ಹಾಗೆ ಎಂದು ಅವರು ನಂಬಿದ್ದರು. ಅದಕ್ಕೇನು ಆಧಾರ ಎಂದು ನಾನು ಕೆಣಕುವುದು, ಅವರು ನಗುವುದು, ಹೀಗೆ ಬಹಳ ದಿನ ನಡೆಯಿತು.

ಒಂದು ಭಾನುವಾರ ಅವರು ನಗಲಿಲ್ಲ. ಲೋಟ ಹಿಡಿದುಕೊಂಡೇ ಆಧಾರ ಕೊಟ್ಟರು.

"ಹದಿನೈದು ವರ್ಷ ನೋಡಿವ್ನಿ ಸಾರ್. ತಿಂಗಳುಗಟ್ಲೆ ಬರೀ ನೀರು. ವಾಪಸ್ ಬರೋವಾಗ ಮೊದ್ಲು ಗುಡ್ಡದ ತಲೆ, ಆಮೇಲೆ ಅದರ ಹೊಟ್ಟೆ, ಆಮೇಲೆ ಊರು. ನೀರೊಳಗಿಂದ ಯಾರೋ ಎತ್ತಿ ಕೊಟ್ಟಂಗೇ ಇರ್ತದೆ."

ಅದು ಭೂಮಿ ಗುಂಡಗಿರುವುದರಿಂದ ಹಾಗೆ ಕಾಣುತ್ತದೆ, ಅಷ್ಟೇ ಎಂದೆ. ಮಹಾಸ್ಫೋಟದ ಬಗ್ಗೆ, ದೂರ ದೂರ ಸರಿಯುತ್ತಿರುವ ನಕ್ಷತ್ರರಾಶಿಗಳ ಬಗ್ಗೆ ಅರ್ಧ ಗಂಟೆ ಹೇಳಿದೆ. ನೀವು ನೋಡಿದ್ದೀರಾ ಎಂದರು. ನೋಡಬೇಕಿಲ್ಲ, ಅಳೆದಿದ್ದಾರೆ ಎಂದೆ. ನೀವು ಅಳೆದಿದ್ದೀರಾ ಎಂದರು. ನಾನು ಅಳೆದಿರಲಿಲ್ಲ. ಅಳೆದವರ ಲೆಕ್ಕವನ್ನು ತೋರಿಸಿದರೂ ನನಗೆ ತಿಳಿಯುತ್ತಿರಲಿಲ್ಲ. ಯಾರೋ ಅಳೆದರು ಎಂದು ಯಾರೋ ಬರೆದದ್ದನ್ನು ಓದಿದ್ದೆ. ಯಾರು ಬೇಕಾದರೂ ಮತ್ತೆ ಅಳೆದು, ತಪ್ಪಿದ್ದರೆ ತೋರಿಸಬಹುದು, ನಿಮ್ಮ ಕಥೆಗೆ ಆ ಬಾಗಿಲಿಲ್ಲ ಎಂದು ಶಾಂತವಾಗಿ ಹೇಳಬಹುದಿತ್ತು. ಸಿಕ್ಕಿಬಿದ್ದ ಸಿಟ್ಟಿನಲ್ಲಿ ಬೇರೆಯೇ ಹೇಳಿದೆ: "ಹಂದಿ ಕಥೆಯನ್ನು ಮೊಮ್ಮಕ್ಕಳಿಗೆ ಹೇಳಿ ಯಜಮಾನ್ರೇ."

ಅವರು ಅರ್ಧ ಕುಡಿದ ಲೋಟವನ್ನು ಕೆಳಗಿಟ್ಟು ಎದ್ದರು. ಆ ಕಥೆಯನ್ನು ಅವರಿಗೆ ಹೇಳಿದ್ದು ಹೆಂಡತಿ. ಪ್ರತಿ ಹುಣ್ಣಿಮೆಗೆ ಇಬ್ಬರೂ ಕೂಡಿ ಹತ್ತುತ್ತಿದ್ದ ಬೆಟ್ಟ ಅದು. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು.

ಆ ವಾರವೇ ನವೆಂಬರ್ ಶುರುವಾಯಿತು. ಪಿಂಚಣಿ ಪಡೆಯುವವರೆಲ್ಲ ಬ್ಯಾಂಕಿಗೆ ಬಂದು, ತಾವಿನ್ನೂ ಬದುಕಿದ್ದೇವೆಂದು ಲೈಫ್ ಸರ್ಟಿಫಿಕೇಟ್ ಕೊಡುವ ತಿಂಗಳು. ಅವರೂ ಸರದಿಯಲ್ಲಿ ನಿಂತಿದ್ದರು. ಬೆರಳಚ್ಚಿನ ಯಂತ್ರದ ಮೇಲೆ ಹೆಬ್ಬೆರಳಿಟ್ಟರು, ಅದು ಒಪ್ಪಲಿಲ್ಲ. ಬೇರೆ ಬೆರಳುಗಳನ್ನಿಟ್ಟರೂ ಒಪ್ಪಲಿಲ್ಲ. ಹಡಗಿನ ಹಗ್ಗ ಎಳೆದೆಳೆದು ಬೆರಳಿನ ಗೆರೆಗಳು ಸವೆದಿದ್ದವು. ಇಂಥವರಿಗೆಂದೇ ಕಾಗದದ ಫಾರ್ಮ್ ಇದೆ. ಇವರು ನನ್ನೆದುರು ಹಾಜರಾಗಿದ್ದಾರೆ ಎಂದು ಅಧಿಕಾರಿ ಸಹಿ ಮಾಡಿದರೆ ಮುಗಿಯಿತು. ಫಾರ್ಮಿನ ಕಟ್ಟು ನನ್ನ ಮೇಜಿನ ಮೇಲೇ ಇತ್ತು. ನಾನು ಯಂತ್ರದ ಕಡೆ ನೋಡುತ್ತಾ, ಇವತ್ತು ಆಗುವುದಿಲ್ಲ, ನಾಳೆ ಬನ್ನಿ ಎಂದೆ. ಅದನ್ನೂ ತೆಲುಗಿನಲ್ಲಿ ಹೇಳಿದೆ.

ಅವರು ಕನ್ನಡದಲ್ಲೇ ಕೇಳಿದರು.

"ಎದುರಿಗೇ ನಿಂತಿವ್ನಲ್ಲ ಸಾರ್. ನಾನು ಬದುಕಿವ್ನಿ ಅನ್ನೋದಕ್ಕೂ ನಿಮ್ಗೆ ಪ್ರಮಾಣ ಬೇಕಾ?"

ಹಿಂದಿನವರನ್ನು ಮುಂದೆ ಕರೆದೆ. ಅವರು ಮರುದಿನ ಬರಲಿಲ್ಲ, ಭಾನುವಾರವೂ ಬರಲಿಲ್ಲ. ಅವರ ಮನೆ ಬಸ್ಸಿನಲ್ಲಿ ನಾಲ್ಕೇ ಸ್ಟಾಪು. ಹೋಗಿ ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಕೆಲವು ತಿಂಗಳಿಗೆ ವಿಜಯವಾಡಕ್ಕೆ ವರ್ಗವಾಯಿತು.

ಈಗ ಅಲ್ಲಿನ ಭವಾನಿಪುರಂನಲ್ಲಿದ್ದೇನೆ. ಕೃಷ್ಣಾ ನದಿ ಹತ್ತಿರವಿದೆ, ಭಾನುವಾರ ದಡದಲ್ಲಿ ಕೂತು ಬರುತ್ತೇನೆ. ನನ್ನ ಕನ್ನಡವೆಲ್ಲ ಈಗ ಮನಸ್ಸಿನೊಳಗೇ. ಇಲ್ಲಿಗೆ ಬಂದ ಮೊದಲ ನವೆಂಬರಿನಲ್ಲಿ, ನಿಯಮಕ್ಕೆ ವಿರುದ್ಧವೆಂದು ಗೊತ್ತಿದ್ದೂ, ಕಂಪ್ಯೂಟರಿನಲ್ಲಿ ಅವರ ಖಾತೆ ತೆರೆದೆ. ಬೇರೆ ಶಾಖೆಯಲ್ಲಿ ಸರ್ಟಿಫಿಕೇಟ್ ಕೊಟ್ಟಿದ್ದರು. ಯಾರೋ ಪುಣ್ಯಾತ್ಮ ಸಹಿ ಹಾಕಿದ್ದ. ನನಗೆ ಅವತ್ತು ಎಷ್ಟು ಖುಷಿಯಾಯಿತೆಂದರೆ, ಪಕ್ಕದ ಕೌಂಟರಿನವನು ಏನು ಸಮಾಚಾರ ಎಂದು ಕೇಳಿದ.

ಈ ವರ್ಷ ನವೆಂಬರ್ ಮುಗಿಯಿತು. ಡಿಸೆಂಬರೂ ಮುಗಿಯಿತು. ಅವರ ಹೆಸರಿನ ಮುಂದೆ ಸರ್ಟಿಫಿಕೇಟಿನ ಜಾಗ ಖಾಲಿಯಿದೆ, ಪಿಂಚಣಿ ನಿಂತಿದೆ. ಇದರಿಂದ ಯಾವ ತೀರ್ಮಾನಕ್ಕೆ ಬರಬೇಕೆಂದು ಇಷ್ಟು ವರ್ಷ ಈ ಕೆಲಸ ಮಾಡಿದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೊಬೈಲಿನಲ್ಲಿ ಅವರ ನಂಬರಿದೆ. ಒಂದು ಸಲ ಒತ್ತಿದರೆ ಸಾಕು, ಪ್ರಮಾಣ ಸಿಗುತ್ತದೆ. ಒತ್ತಿಲ್ಲ.

ಜಗತ್ತಿನ ಹುಟ್ಟಿನ ಬಗ್ಗೆ ಅವತ್ತು ಹೇಳಿದ್ದನ್ನು ನಾನು ಇವತ್ತಿಗೂ ಬಿಟ್ಟುಕೊಟ್ಟಿಲ್ಲ. ನಂಬುವುದಕ್ಕೆ ಆಧಾರ ಬೇಕು, ತರ್ಕ ಬೇಕು. ಆದರೆ ಅವರ ಬೆರಳನ್ನು ಈ ಸಲವೂ ಯಂತ್ರ ಒಪ್ಪಿರಲಿಕ್ಕಿಲ್ಲ. ಮಂಡ್ಯದ ಕಡೆ ನೆಂಟರ ಮನೆಗೆ ಹೋಗಿರಬಹುದು, ಅಲ್ಲಿ ಬಾಯ್ತುಂಬ ಕನ್ನಡ ಮಾತಾಡುತ್ತಾ ದಿನ ಮರೆತಿರಬಹುದು. ಅವರು ಬದುಕಿದ್ದಾರೆ. ಅದಕ್ಕೇನು ಆಧಾರ ಎಂದು ಯಾರಾದರೂ ಕೇಳಿದರೆ, ಕುಡಿಯುತ್ತಿರುವ ಕಾಫಿ ಲೋಟವನ್ನು ಕೆಳಗಿಟ್ಟು ಎದ್ದುಹೋಗುತ್ತೇನೆ.