ದೊನಾತಾಳ ಕೈಗುಣ

ನಮ್ಮ ಓಣಿಯಲ್ಲಿ ದೊನಾತಾಳ ಸೂಜಿ ಕಾಣದ ಸೊಂಟವಿರಲಿಲ್ಲ. ದಕ್ಷಿಣ ಇಟಲಿಯ ಲುಕಾನಿಯಾದ ಬೆಟ್ಟದೂರುಗಳಿಗೆ ಆಗ ಡಾಕ್ಟರು ಬರುತ್ತಿದ್ದುದೇ ಅಪರೂಪ. ಬಂದವರು ಚೀಟಿ ಬರೆದು ಹೋಗುವರು, ಚುಚ್ಚುವವಳು ದೊನಾತಾ. ಗಾಜಿನದು ಒಂದೇ ಸಿರಿಂಜು. ಬೆಳಿಗ್ಗೆ ಅದನ್ನು ತಗಡಿನ ಡಬ್ಬಿಯಲ್ಲಿ ಕುದಿಸಿ ಹೊರಟರೆ, ಆಮೇಲೆ ಮನೆಯಿಂದ ಮನೆಗೆ ಸ್ಪಿರಿಟ್ ಹತ್ತಿಯಿಂದ ಒರೆಸುವುದಷ್ಟೇ. ಪ್ರತಿ ಮನೆಯಲ್ಲೂ ಕುದಿಸುತ್ತ ಕೂರಲು ಸೌದೆ ಯಾರಪ್ಪನದು? ಕೂಲಿ ಕೇಳಿದವಳಲ್ಲ, ಮೊಟ್ಟೆ ಕೊಟ್ಟರೆ ತೆಗೆದುಕೊಂಡಾಳು. ಅವಳ ಕೈಗುಣ ಒಳ್ಳೆಯದೆಂದು ಪಕ್ಕದೂರಿನವರೂ ಕರೆಸುತ್ತಿದ್ದರು.

ನನ್ನ ಅಪ್ಪ ಸವಿನೋ ಕಲ್ಲು ಒಡೆಯುವ ಆಳು. ಆದರೂ ಸೂಜಿ ಕಂಡರೆ ಬೆವರುತ್ತಿದ್ದ. ಚುಚ್ಚಿಯಾದ ಮೇಲೆ ಪ್ಯಾಂಟು ಏರಿಸಿಕೊಳ್ಳುತ್ತ, "ಏನೂ ನೋವಾಗ್ಲಿಲ್ಲ" ಎಂದು ಓಣಿಗೆಲ್ಲ ಕೇಳುವಂತೆ ಹೇಳುವನು.

"ಮೊದ್ಲು ಕಣ್ಣೀರು ಒರೆಸ್ಕೊಳೋ," ಎಂದು ಅವಳು ಕಿಚಾಯಿಸುವಳು.

ಎಲ್ಲರಿಗೂ ವಯಸ್ಸಾದ ಮೇಲೆ ಹೊಸ ಡಾಕ್ಟರಮ್ಮ ಬಂದು ರಕ್ತ ಪರೀಕ್ಷೆ ಮಾಡಿಸಿದಳು. ಮನೆಮನೆಯಲ್ಲೂ ಹೆಪಟೈಟಿಸ್ ಸಿ, ನನ್ನ ಅಪ್ಪನಿಗೂ. ಹಳೇ ಸಿರಿಂಜುಗಳಿಂದ ಬಂದದ್ದಿರಬೇಕು, ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಕೂತು ರಕ್ತನಾಳಗಳನ್ನೂ ಕೆಡಿಸುತ್ತದೆ, ಇಂಥವರಿಗೆ ಲಕ್ವ ಹೊಡೆದರೆ ಚೇತರಿಕೆ ಕಷ್ಟ ಎಂದಳು. ದೊನಾತಾಳ ರಕ್ತದಲ್ಲಿ ಮಾತ್ರ ಏನೂ ಇರಲಿಲ್ಲ. ಅವಳಿಗೆ ಚುಚ್ಚುವವರು ಯಾರಿದ್ದರು?

ಯಾರೂ ಅವಳನ್ನು ಬೈಯಲಿಲ್ಲ. ಆಗ ಯಾರಿಗೆ ಗೊತ್ತಿತ್ತು ಎಂದರು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ನೀರು ಕುದಿಯಲು ಶುರುವಾದರೆ ಸಾಕು, ತಳದಲ್ಲಿ ಗಾಜು ಕಿಣಿಕಿಣಿ ಅನ್ನುವುದು ಅವಳಿಗೆ ಕೇಳಿಸುತ್ತಿತ್ತು. ಪಾಸ್ತಾ ಬೇಯಿಸುವುದನ್ನೇ ಬಿಟ್ಟಳು. ಒಣ ರೊಟ್ಟಿಯನ್ನು ತಣ್ಣೀರಲ್ಲಿ ನೆನೆಸಿ, ಎಣ್ಣೆ, ಟೊಮೆಟೊ ಹಾಕಿ ತಿನ್ನುತ್ತಿದ್ದಳು. ನನಗೆ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ. ಅದನ್ನು ಅವಳ ಮೇಲೆ ಹಾಕಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಆ ಚಳಿಗಾಲದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು. ಮಾತೆಲ್ಲ ಹೋಗಿ ಒಂದೇ ಒಂದು ಉಳಿಯಿತು, "ಏನೂ ನೋವಾಗ್ಲಿಲ್ಲ." ಪಾದ್ರಿ ಬಂದರೂ ಅದೇ, ಬೆಕ್ಕು ಬಂದರೂ ಅದೇ. ಓಣಿಯವರು ನಕ್ಕರು, ನಾನೂ ನಕ್ಕೆ. ಅತ್ತು ಸಾಕಾಗಿತ್ತು.

ಒಂದು ಮಧ್ಯಾಹ್ನ ನಾನು ಸೂಪು ತಿನ್ನಿಸುತ್ತಿದ್ದಾಗ ದೊನಾತಾ ಬಂದಳು. ಅಷ್ಟು ದಿನ ನಮ್ಮ ಬಾಗಿಲು ತುಳಿದಿರಲಿಲ್ಲ. ಅಪ್ಪನ ಸತ್ತ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

"ಸವಿನೋ, ಇದು ನಾನು ಮಾಡಿದ್ದಾ?"

ಅವನಲ್ಲಿ ಇದ್ದದ್ದೇ ಒಂದು ಮಾತು, ಅವಳಿಗೆ ಬೇಕಾಗಿದ್ದದ್ದೂ ಅದೇ. ಅಪ್ಪ ಅವಳನ್ನೇ ದಿಟ್ಟಿಸಿದ. ತುಟಿ ಬಿಗಿಹಿಡಿದ. ಹೇಳಪ್ಪಾ ಎಂದು ಭುಜ ಅಲುಗಿಸಿದೆ. ಗೋಡೆಯ ಕಡೆ ಮುಖ ತಿರುಗಿಸಿದ. ಅವಳು ಅವನ ಕೈಯನ್ನು ಹೊದಿಕೆಯೊಳಗೆ ಸೇರಿಸಿ ಎದ್ದುಹೋದಳು.

ಏನು ಮಾಡಲೂ ತೋಚದೆ ಇನ್ನೊಂದು ಚಮಚ ಸೂಪು ಬಾಯಿಗಿಟ್ಟೆ. "ಏನೂ ನೋವಾಗ್ಲಿಲ್ಲ," ಎಂದ ಅಪ್ಪ.

ಬೀದಿಗೆ ಓಡಿದೆ. ಅವಳು ಆಗಲೇ ತನ್ನ ಬಾಗಿಲಲ್ಲಿದ್ದಳು.

"ಚಿಕ್ಕಮ್ಮ, ಅಪ್ಪ ಹೇಳ್ದ. ನೀನು ಈಚೆ ಬಂದ್ಮೇಲೆ ಹೇಳ್ದ."

ಅವಳು ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ಚಮಚ ಇನ್ನೂ ಕೈಯಲ್ಲೇ ಇತ್ತು.

"ಸೂಪಿಗೆ ಹೇಳಿರ್ತಾನೆ ಕಣೇ," ಎಂದಳು. "ಹೋಗು, ಆರ್ಹೋಗುತ್ತೆ. ತಿನ್ಸು."