ಗಾಳಿ ಟಾಕಿಗೆ ಕಟ್ಟಿದ ಅರಿಸಿನದ ನೂಲು

ಗಾಳಿ ಒತ್ತಿ ತುಂಬುವ ಆ ಕಬ್ಬಿಣದ ಟಾಕಿಯನ್ನು ಮೊದಲ ಸಲ ಕಂಡಾಗಲೇ ಇದು ಬೇಡ ಎನಿಸಿತ್ತು ನನಗೆ. ಅರವತ್ತರ ದಶಕದ ಮಾತು. ಗಡಹಿಂಗ್ಲಜದ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ನನ್ನ ಯಜಮಾನರು ಸೈಕಲ್ ರಿಪೇರಿ ಮಾಡುತ್ತಿದ್ದರು. ಕುಂಚದಿಂದ ಬಳಿದರೆ ಗೆರೆ ಮೂಡುತ್ತದೆ, ಬಣ್ಣವನ್ನು ಗಾಳಿಯಿಂದಲೇ ಸಿಂಪಡಿಸಬೇಕು ಎಂಬ ಹುಚ್ಚು ಅವರಿಗೆ ಹತ್ತಿತು. ಕೊಲ್ಹಾಪುರದಲ್ಲಿ ನೋಡಿದ ಹೊಸ ಕಂಪ್ರೆಸರ್ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಇಚಲಕರಂಜಿಯಲ್ಲಿ ಹಳೆಯದೊಂದು ಇದೆ ಎಂದು ತಿಳಿದು ಇಬ್ಬರೂ ಹೋದೆವು. ಮುರಗೂಡದ ಕಡೆ ಇಂಥದೇ ಟಾಕಿ ಒಡೆದು ತಗಡಿನ ಚಪ್ಪರವೇ ಹಾರಿಹೋಯಿತೆಂದು ಯಾರೋ ಹೇಳಿದ್ದು ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ಮಾರುವವನು "ಘ್ಯಾ ಹೋ, ಕಾಹೀ ಹೋತ ನಾಹೀ" ಎಂದು ಒಂದೇ ಸಮನೆ ಹೇಳುತ್ತಿದ್ದ. ತಗೊಳ್ಳಿ, ಏನೂ ಆಗುವುದಿಲ್ಲ ಎಂದು ಅಷ್ಟು ಸಲ ಹೇಳುವವನನ್ನು ನಂಬುವುದು ಹೇಗೆ? ಇವರೋ, ಸಂತೆಯಲ್ಲಿ ಗಡಿಗೆ ಬಾರಿಸಿದಂತೆ ಟಾಕಿಯನ್ನು ಬಾರಿಸಿ ತಲೆಯಾಡಿಸಿದರು. ನಾನು ಬಗ್ಗಿ, ಗಾಳಿ ಹೊರಬಿಡುವ ತಳದ ನಲ್ಲಿ ತಿರುಗಿಸಲು ನೋಡಿದೆ. ತುಕ್ಕು ಹಿಡಿದು ಬಿಗಿದುಕೊಂಡಿತ್ತು.

"ಇದು ತಿರಗೂದಿಲ್ರಿ. ಬ್ಯಾಡ ಇದು."

"ಚಿಮಣಿ ಎಣ್ಣಿ ಹಾಕಿದ್ರ ಸಡ್ಲ ಆಗತೈತಿ. ನೀ ಸುಮ್ನಿರ."

ಸುಮ್ಮನಿರುವ ಪೈಕಿ ಅಲ್ಲ ನಾನು. ಊರು ಮುಟ್ಟುವತನಕ ಜಗಳ ತೆಗೆದೆ. ಆದರೂ ಟಾಕಿ ನಮ್ಮ ಜೊತೆಗೇ ಬಂತು.

ಹಿತ್ತಲ ಕೋಣೆಯಲ್ಲಿ ಚಪ್ಪಡಿಯ ಮೇಲೆ ಅದನ್ನು ಕೂರಿಸಿ ಮೋಟಾರಿಗೆ ಪಟ್ಟಿ ಹಾಕಿದರು. ಬಣ್ಣ ಹೊಡೆಯುವ ಗನ್ನು ಇನ್ನೂ ಬಂದಿರಲಿಲ್ಲ. ಅದರ ಪೈಪಿನ ಬಾಯಿಗೆ ಕಬ್ಬಿಣದ ಬಿರಡೆ ಬಿಗಿದರು. ತಾನಾಗಿ ನಿಲ್ಲುವ ಯಂತ್ರವಲ್ಲ ಅದು. ಒಳಗೆ ಗಾಳಿ ಹೆಚ್ಚಾದರೆ ಟಾಕಿಯ ನೆತ್ತಿಯ ಮೇಲಿನ ವಾಲ್ವಿನ ಟೊಪ್ಪಿಗೆ ಮೇಲೆದ್ದು ಹೊರಬಿಡಬೇಕು. ಗಾಳಿ ತಾನಾಗಿ ಹೊರಹೋಗಲು ಬೇರೆ ದಾರಿ ಇರಲಿಲ್ಲ.

ಅಷ್ಟರಲ್ಲಿ ಆಯುಧಪೂಜೆಯ ಖಂಡೆನವಮಿ ಬಂತು. ನಮ್ಮಲ್ಲಿ ಅಂದು ಮನೆಯ ಹಿರಿಯ ಮುತ್ತೈದೆ ಎಲ್ಲ ಹತಾರಗಳಿಗೂ ಅರಿಸಿನದ ನೂಲು ಕಟ್ಟುತ್ತಾಳೆ. ಕಟ್ಟಿದ್ದಕ್ಕೆ ಕತ್ತರಿ ತಾಗಿಸುವಂತಿಲ್ಲ. ಅತ್ತೆ ಸುತ್ತಿಗೆಗೆ, ನಟ್ಟು ತಿರುಗಿಸುವ ಪಾನಾಕ್ಕೆ ಕಟ್ಟಿ ಟಾಕಿಯ ಹತ್ತಿರ ಬಂದರು. ಅವರಿಗೆ ಕೊರಳಿನಂತೆ ಕಂಡದ್ದು ಆ ವಾಲ್ವು. ಇಚಲಕರಂಜಿಯ ಮಗ್ಗದ ನೂಲನ್ನು ಹಲವು ಎಳೆ ಕೂಡಿಸಿ, ಟೊಪ್ಪಿಗೆಯ ಮೇಲಿಂದ ಅಡ್ಡಡ್ಡ ಸುತ್ತಿದರು. ಹೊಸದಕ್ಕೆ ದೃಷ್ಟಿಯಾಗಬಾರದೆಂದು ಇನ್ನಷ್ಟು ಸುತ್ತಿ ಬಿಗಿದು ಮೇಲೆ ಚೆಂಡು ಹೂವು ಏರಿಸಿದರು. ನಮಗ್ಯಾರಿಗೂ ಏನೂ ಹೊಳೆಯಲಿಲ್ಲ.

ಮರುದಿನ ದಸರೆಯ ಬೆಳಿಗ್ಗೆ ಇವರು ಗಾಳಿ ತುಂಬಿ ನೋಡಲೆಂದು ಮೋಟಾರು ಚಾಲೂ ಮಾಡಿದರು. ಅತ್ತೆ ಆರತಿ ತಟ್ಟೆ ಹಿಡಿದು ಟಾಕಿಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಿದ್ದರು. ಗಾಳಿಯ ಒತ್ತಡ ತೋರಿಸುವ ಮಾಪಕದ ಮುಳ್ಳು ಏರುತ್ತ ಹೋಯಿತು. ಕೆಂಪು ಗೆರೆ ಮುಟ್ಟಿತು, ದಾಟಿತು. ವಾಲ್ವು ತೆರೆಯಲಿಲ್ಲ. ಟಾಕಿಯಿಂದ ಕಿರ್ರೆಂಬ ದನಿ ಬಂತು.

"ಬಂದ್ ಮಾಡ್ರಿ! ಬಂದ್ ಮಾಡ್ರಿ!" ಎಂದು ಕಿರುಚಿದೆ.

ಮೋಟಾರು ನಿಂತರೂ ಮುಳ್ಳು ಇಳಿಯಲಿಲ್ಲ. ಇವರು ತಳದ ನಲ್ಲಿಗೆ ಕೈ ಹಾಕಿದರು. ಜಪ್ಪಯ್ಯ ಅಂದರೂ ತಿರುಗಲಿಲ್ಲ. ಚಿಮಣಿ ಎಣ್ಣೆ ಹಾಕುವುದನ್ನೇ ಮರೆತಿದ್ದರು ಪುಣ್ಯಾತ್ಮರು! ಹೂವು ಸರಿಸಿ ನೂಲು ಕಂಡಾಗ ಅವರ ಮುಖ ಬಿಳಿಚಿತು. ಕತ್ತರಿ ಎತ್ತಿಕೊಂಡರು.

"ಯವ್ವಾ, ನೀ ಹೊರಗ ನಡಿ."

"ಕತ್ತರಿ ಹಚ್ಚಬ್ಯಾಡ," ಎಂದು ಅತ್ತೆ ಮಗನನ್ನು ಬಾಗಿಲ ಕಡೆ ನೂಕಿದರು. "ನಾ ಕಟ್ಟೇನಿ, ನಾನ ಬಿಚ್ಚತೇನಿ. ಇಬ್ರೂ ಹೊರಗ ನಡೀರಿ."

"ಅತ್ತಿ, ಬ್ಯಾಡ್ರಿ! ಒಡದೀತ್ರಿ!"

ಅವರು ಆಗಲೇ ಟಾಕಿಯ ಮೇಲೆ ಬಗ್ಗಿದ್ದರು. ಓಡಿಹೋಗಬೇಕೆನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಹಿಂದಿನಿಂದ ಹೋಗಿ ಅವರ ನಡ ಹಿಡಿದು ಎಳೆದೆ. ಕದಲಲಿಲ್ಲ ಆ ಹೆಂಗಸು. ಅರಿಸಿನ ಒಣಗಿ ಗಂಟು ಕಲ್ಲಾಗಿತ್ತು. ಉಗುರಿನಿಂದ ಕೆದರುತ್ತಿದ್ದರು, ಬಳೆಗಳು ಟಾಕಿಗೆ ಬಡಿದು ಸಪ್ಪಳವಾಗುತ್ತಿತ್ತು. ನಾನು ಕಣ್ಣು ಮುಚ್ಚಿ ಶಿವಶಿವಾ ಎನ್ನುತ್ತಿದ್ದೆ.

ಗಂಟು ಬಿಚ್ಚಿ ಫುಸ್ಸೆಂದು ಗಾಳಿ ನುಗ್ಗಿತು. ಅರಿಸಿನದ ಪುಡಿ, ಹೂವಿನ ಎಸಳು ಮುಖಕ್ಕೆ ರಾಚಿ ಇಬ್ಬರೂ ನೆಲಕ್ಕೆ ಕುಸಿದೆವು. ಮುಳ್ಳು ಇಳಿಯುವುದು ಕಂಡ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು.

"ಜೀವದ ಮ್ಯಾಲ ಆಸೆ ಇಲ್ಲೇನ್ರಿ ನಿಮಗ?"

ಅತ್ತೆ ಹಳದಿ ಮೆತ್ತಿದ ಮುಖ ನನ್ನ ಕಡೆ ತಿರುಗಿಸಿದರು.

"ನಂದೇನ ಬಿಡ, ಬಾಳೇವಿ ಮಾಡಿ ಮುಗಿಸೇನಿ. ನೀ ಬಂದು ಹಿಂದ ಹಿಡಕೊಂಡಿ ನೋಡು, ಆವಾಗ ಹೆದರಿಕಿ ಬಂತ ಬೇ ನನಗ."